ಮಂಚದ ಕೆಳಗೆ ತಾಳಗುಪ್ಪ

ಆಟದ ರೈಲಿಗೆಂದು ಒಂದು ಕೋಣೆ ಬಿಟ್ಟುಕೊಡುವ ಮನೆ ನಮ್ಮ ಜನ್ನಾಪುರದಲ್ಲಿ ಎಷ್ಟಿದ್ದಾವು? ಅಕ್ಕಿ ಮೂಟೆಗೇ ಜಾಗ ಹುಡುಕಬೇಕು. ಇಂಥವರಿಗಾಗಿಯೇ ಹುಟ್ಟಿದ ಹಾಗಿದೆ ‘ಎನ್‌ಟ್ರ್ಯಾಕ್’ ಎಂಬ ಒಪ್ಪಂದ.

1973ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಕೆಲವು ಹವ್ಯಾಸಿಗಳು ಸೇರಿ ಇದನ್ನು ಮಾಡಿಕೊಂಡರು. ಒಬ್ಬೊಬ್ಬರದು ಒಂದೊಂದು ಹಲಗೆ: ಅಗಲ 2 ಅಡಿ, ಉದ್ದ 4 ಅಡಿ. ಮೂರು ಹಳಿಗಳು, ಅಂಚಿನಿಂದ ಗೊತ್ತುಪಡಿಸಿದ ದೂರದಲ್ಲಿ. ನಡುವೆ ಬೆಟ್ಟ ಕಟ್ಟಿ, ಊರು ಕಟ್ಟಿ, ಯಾರೂ ಕೇಳುವುದಿಲ್ಲ. ಎರಡು ತುದಿ ಮಾತ್ರ ಎಲ್ಲರದೂ ಒಂದೇ ತರಹ ಇರಬೇಕು. ಸೇರಿದ ದಿನ ಕ್ಲ್ಯಾಂಪು ಬಿಗಿದು, ನಡುವೆ ಗೇಣಿಗಿಂತ ಚಿಕ್ಕ ಹಳಿ ತುಂಡು ಕೂರಿಸಿದರೆ ರೈಲು ಓಡುತ್ತದೆ. ಆಮೇಲೆ ಬಿಚ್ಚಿ ಮಂಚದ ಕೆಳಗೆ ತಳ್ಳಬಹುದು.

ನಮ್ಮ ಕಡೆಯವರಿಗೆ ತಕರಾರು ಹಳಿಯ ಅಗಲದ್ದು. ಎನ್‌ಟ್ರ್ಯಾಕ್ ಹಳಿ 9 ಮಿ.ಮೀ., ಅಳತೆ 160ಕ್ಕೆ 1. ಹಿಗ್ಗಿಸಿದರೆ 1,440 ಮಿ.ಮೀ.; ಅಮೆರಿಕ, ಯುರೋಪಿಗೆ ಸರಿ. ನಮ್ಮ ಬ್ರಾಡ್‌ಗೇಜು 1,676, ಮೀಟರ್‌ಗೇಜು 1,000. ಎರಡಕ್ಕೂ ಹೊಂದದು! ಉಪಾಯವೊಂದಿದೆ: 120ಕ್ಕೆ 1 ಅಳತೆಯವರು ಬಳಸುವ 12 ಮಿ.ಮೀ. ಹಳಿಯ ಮೇಲೆ 87ಕ್ಕೆ 1 ಅಳತೆಯ ಬಂಡಿ ಕೂರಿಸಿದರೆ 1,044 ಆಗುತ್ತದೆ. ಮೀಟರ್‌ಗೇಜು ಎನ್ನಲು ಅಡ್ಡಿಯಿಲ್ಲ. ಹಲಗೆಗೆ ಒಂದೇ ಹಳಿ ಸಾಕು, ನಮ್ಮದು ಒಂಟಿ ಮಾರ್ಗವೇ ತಾನೆ.

ಆ ಒಂಟಿ ಮಾರ್ಗ, ಅಂದರೆ ನಮ್ಮ ಬೀರೂರು–ಶಿವಮೊಗ್ಗ ಹಳಿ, 1899ರದು. ಆ ಮೇಲೆ ಅದು ತಾಳಗುಪ್ಪಕ್ಕೆ ಬೆಳೆಯಿತು. ಮಾಡೆಲ್ಲಿಗೆ ಹೇಳಿ ಮಾಡಿಸಿದಂತಿದ್ದದ್ದು ಆ ಮಾರ್ಗದ ರೈಲ್‌ಬಸ್ಸು: ಬಸ್ಸಿನ ಮೈ, ರೈಲಿನ ಗಾಲಿ, ಒಂದೇ ಬೋಗಿ. ತಾಳಗುಪ್ಪ ಮುಟ್ಟಿದ ಮೇಲೆ ಅದನ್ನು ಟರ್ನ್‌ಟೇಬಲ್ ಮೇಲೆ ನಿಲ್ಲಿಸಿ, ಜನ ಹೆಗಲು ಕೊಟ್ಟು ತಳ್ಳಿ ಮುಖ ತಿರುಗಿಸುತ್ತಿದ್ದರು. ಬೇರೆ ದೇಶದಲ್ಲಾಗಿದ್ದರೆ ಇದಕ್ಕೇ ಟಿಕೆಟ್ ಇಟ್ಟು ಜೋಗಕ್ಕೆ ಬಂದವರಿಗೆಲ್ಲ ತೋರಿಸುತ್ತಿದ್ದರು. ನಾವು ಗೇಜು ಬದಲಿಸಿ ಕೈತೊಳೆದುಕೊಂಡೆವು. 2011ರಲ್ಲಿ ಬ್ರಾಡ್‌ಗೇಜು ತಾಳಗುಪ್ಪ ಮುಟ್ಟಿತು. ಅಗಲ ಹಳಿ ಬೇಕಿತ್ತು, ಒಪ್ಪುತ್ತೇನೆ. ಆ ತಿರುಗುವ ತಟ್ಟೆಯನ್ನೂ ಬಸ್ಸನ್ನೂ ಊರಿನ ಒಂದು ಮೂಲೆಯಲ್ಲಿ ಓಡುವ ಸ್ಥಿತಿಯಲ್ಲೇ ಇಟ್ಟುಕೊಳ್ಳಲು ಏನು ಅಡ್ಡಿಯಿತ್ತು?

ಹಲಗೆಯ ಮೇಲಾದರೂ ಆ ತಾಳಗುಪ್ಪವನ್ನು ಕಟ್ಟಬಹುದು. 87ಕ್ಕೆ 1 ಅಳತೆಯಲ್ಲಿ 4 ಅಡಿ ಹಲಗೆ ನಿಜದ 348 ಅಡಿ, ನಿಲ್ದಾಣವನ್ನು ಕುಗ್ಗಿಸಲೇಬೇಕು. ಜಲ್ಲಿಗೆ ಚಹಾ ಜರಡಿಯಲ್ಲಿ ಸೋಸಿದ ಎಂ-ಸ್ಯಾಂಡ್ ಸಾಕು. ಅದನ್ನು ಬ್ರಶ್ಶಿನಿಂದ ಹಳಿ ನಡುವೆ ಹರಡಿ, ಸೋಪಿನ ನೀರು ಚಿಮುಕಿಸಿ, ನೀರು ಬೆರೆಸಿದ ಫೆವಿಕಾಲನ್ನು ಇಂಕ್ ಫಿಲ್ಲರಿನಲ್ಲಿ ತೊಟ್ಟುತೊಟ್ಟಾಗಿ ಬಿಡಬೇಕು. ಸೋಪು ಇಲ್ಲದಿದ್ದರೆ ಅಂಟು ಒಳಗಿಳಿಯದೆ ಮೇಲೆಯೇ ಗುಂಡಗೆ ನಿಂತು, ಮರಳನ್ನು ಎಳೆದುಕೊಂಡು ಹೋಗುತ್ತದೆ.

ನಮ್ಮ ಮಳೆಗಾಲಕ್ಕೆ ಪ್ಲೈವುಡ್ ಉಬ್ಬುವುದೊಂದು ಪೀಡೆ. ಹಲಗೆಯ ತುದಿಯಲ್ಲಿ ಹಳಿಯ ಕೆಳಗೆ ಹಿತ್ತಾಳೆ ಸ್ಕ್ರೂ ಹಾಕಿ, ಅದರ ತಲೆಗೇ ಹಳಿಯನ್ನು ಬೆಸುಗೆ ಹಾಕಿದರೆ ಕೂದಲೆಳೆಯಷ್ಟೂ ಅಲುಗದು. ಹಲಗೆಗಳನ್ನು ಕ್ಲ್ಯಾಂಪಿನ ಬದಲು ಬೋಲ್ಟಿನಿಂದ ಜೋಡಿಸುವುದಾದರೆ, ಅದರ ತೂತುಗಳಿಗೆ ಒಂದು ತಗಡಿನ ಅಚ್ಚು ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಈ ಮಾರ್ಗದ ಭದ್ರಾ ನದಿ ಸೇತುವೆಯ ಹಲಗೆ ಮಾಡುತ್ತೇನೆ ಎಂದು ಯಾರಾದರೂ ಮುಂದೆ ಬಂದರೆ ಮೊದಲು ಕೈಗೆ ಕೊಡಬೇಕಾದದ್ದು ಆ ಅಚ್ಚನ್ನೇ.