ಭೂಗತ ಕಾಮಗಾರಿ ಮತ್ತು ಮರದ ಬೇರು: ಹೂಟಗಳ್ಳಿಯ ನೆಲೆಯಲ್ಲಿ ಒಂದು ವಿವೇಚನೆ

ಮೈಸೂರಿನ ಹುಣಸೂರು ರಸ್ತೆಯ ಬದಿಯ ಹೂಟಗಳ್ಳಿ ಮೊದಲು ಹಳ್ಳಿಯಾಗಿತ್ತು. ಬಳಿಕ ಕೈಗಾರಿಕಾ ಪ್ರದೇಶವಾಗಿ ಬೆಳೆದು, 2020ರಲ್ಲಿ ನಗರಸಭೆಯ ಸ್ಥಾನ ಪಡೆಯಿತು. ಹೀಗೆ ಬೆಳೆಯುವ ಊರಿನಲ್ಲಿ ಕುಡಿಯುವ ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ಕೇಬಲ್‌ಗಳೆಲ್ಲವೂ ರಸ್ತೆಯಂಚಿನ ಕಿರಿದಾದ ಪಟ್ಟಿಯನ್ನೇ ಬಯಸುತ್ತವೆ. ಸಾಲುಮರಗಳ ಬೇರುಗಳಿರುವುದೂ ಅಲ್ಲಿಯೇ.

ಬೇರುಗಳು ಬಹುಪಾಲು ಮೇಲಿನ ಎರಡು ಅಡಿ ಮಣ್ಣಿನಲ್ಲಿ ಅಡ್ಡಲಾಗಿ ಹರಡಿ, ಕೊಂಬೆಗಳ ಹರವನ್ನೂ ದಾಟಿ ಹೋಗುತ್ತವೆ. ಬುಡದ ಪಕ್ಕದಲ್ಲಿ ಯಂತ್ರದಿಂದ ತೋಡಿದ ಕಂದಕವು ಆ ಬದಿಯ ನೀರುಣಿಸುವ ಬೇರುಗಳನ್ನೂ ಮರವನ್ನು ಹಿಡಿದು ನಿಲ್ಲಿಸುವ ಬೇರುಗಳನ್ನೂ ಒಮ್ಮೆಗೇ ಕತ್ತರಿಸುತ್ತದೆ. ಎಲೆಗಳು ಕೂಡಲೇ ಬಾಡುವುದಿಲ್ಲ. ಕೆಲವು ವರ್ಷಗಳ ಅನಂತರ ಬೇಸಿಗೆಯ ಬಿರುಗಾಳಿಗೆ ಮರ ಉರುಳಿದಾಗ ಅದರ ಕಾರಣ ಯಾರ ನೆನಪಿನಲ್ಲೂ ಇರುವುದಿಲ್ಲ.

2025ರ ಏಪ್ರಿಲ್‌ನಲ್ಲಿ ಮೈಸೂರಿನ ಹೈದರಾಲಿ ರಸ್ತೆಯ 40 ಮರಗಳನ್ನು ಕಡಿದಾಗ ನಾಗರಿಕರು ಪ್ರತಿಭಟಿಸಿದರು. ಮಣ್ಣಿನೊಳಗಿನ ಬೇರಿನ ಕಡಿತಕ್ಕೆ ಅಂತಹ ಸಾಕ್ಷಿಗಳಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಮರ ಕಡಿಯಲು ವೃಕ್ಷಾಧಿಕಾರಿಯ ಪೂರ್ವಾನುಮತಿ ಅಗತ್ಯ. ಮರದ ಬಳಿ ಕಂದಕ ತೋಡುವ ಮುನ್ನವೂ ಅವರ ಅಭಿಪ್ರಾಯ ಪಡೆಯುವುದು ಉಚಿತ.

ಭೂಗತ ಸೇವೆಗಳಿಗಾಗಿ ಬ್ರಿಟನ್ನಿನಲ್ಲಿ 2007ರಲ್ಲಿ ಪ್ರಕಟವಾದ ಮಾರ್ಗಸೂಚಿಯು ಕಾಂಡದ ಸುತ್ತಳತೆಯ ನಾಲ್ಕರಷ್ಟು ದೂರವನ್ನು ಎಚ್ಚರಿಕೆಯ ವಲಯವೆಂದು ಗುರುತಿಸಿದೆ. ಸುತ್ತಳತೆ ಒಂದೂವರೆ ಮೀಟರ್ ಇದ್ದರೆ ವಲಯ 6 ಮೀಟರ್. ಅದರೊಳಗೆ ಕೈಯಿಂದಲೇ ಅಗೆಯಬೇಕು, 25 ಮಿ.ಮೀ.ಗಿಂತ ದಪ್ಪನಾದ ಬೇರನ್ನು ಉಳಿಸಿ ಕೊಳವೆಯನ್ನು ಅದರಡಿ ಸಾಗಿಸಬೇಕು. ನಮ್ಮ ಬಿಸಿಲಿನಲ್ಲಿ ತೆರೆದ ಬೇರಿಗೆ ಒದ್ದೆ ಗೋಣಿತಾಟನ್ನೂ ಹೊದಿಸಬೇಕಾಗುತ್ತದೆ. ಇಷ್ಟು ಸ್ಥಳವಿಲ್ಲದ ಕಡೆ ಕಂದಕವನ್ನು ಕೈಬಿಟ್ಟು, ಬೇರುಗಳ ಕೆಳಗೆ ಅಡ್ಡಲಾಗಿ ಕೊರೆಯುವುದೇ ಸೂಕ್ತ.

ಈ ವೆಚ್ಚ ಕಾಮಗಾರಿಯ ಅಂದಾಜುಪಟ್ಟಿಯಲ್ಲಿಯೇ ಸೇರಬೇಕು. ಅಲ್ಲಿ ನಮೂದಾಗದ ಎಚ್ಚರಿಕೆ ಅಗೆಯುವವರ ಕೈಗೆ ತಲುಪದು.