ಮರಗೆಲಸ: ಉಳಿತಾಯವೂ ಅಲ್ಲ, ದುಬಾರಿಯೂ ಅಲ್ಲ

ಅಂಗಡಿಯಲ್ಲಿ ಸಾವಿರಗಟ್ಟಲೆ ತೆತ್ತು ತರುವ ಪುಸ್ತಕದ ಕಪಾಟನ್ನು ರಜಾದಿನಗಳಲ್ಲಿ ನಾವೇ ಮಾಡಿಕೊಂಡರೆ ಮರದ ದುಡ್ಡಷ್ಟೇ ಖರ್ಚು, ಮಿಕ್ಕಿದ್ದೆಲ್ಲ ಉಳಿತಾಯ ಎಂದು ಬಹಳ ಜನ ನಂಬಿದ್ದಾರೆ. ಮರವನ್ನು ಘನ ಅಡಿಯಲ್ಲಿ ಅಳೆದು ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಮೂರಡಿ ಎತ್ತರದ ಎರಡು ಪಕ್ಕದ ಹಲಗೆ, ಎರಡೂವರೆ ಅಡಿ ಉದ್ದದ ನಾಲ್ಕು ಅಡ್ಡಹಲಗೆ, ಎಲ್ಲವೂ 10 ಇಂಚು ಅಗಲ, ಒಂದಿಂಚು ದಪ್ಪ ಎಂದಿಟ್ಟುಕೊಳ್ಳಿ. ಒಟ್ಟು 1,920 ಘನ ಇಂಚು, ಅಂದರೆ ಒಂದು ಘನ ಅಡಿಗಿಂತ ತುಸು ಹೆಚ್ಚು. ಆದರೆ ಹತ್ತರಿ ಹಿಡಿದು ನುಣುಪು ಮಾಡಿದ ಮೇಲೆ ಒಂದಿಂಚು ಉಳಿಯಬೇಕಾದರೆ ಒಂದೂಕಾಲು ಇಂಚಿನ ಹಲಗೆ ಕೊಳ್ಳಬೇಕು. ಅಲ್ಲಿಗೆ 2,400 ಆಯಿತು. ತುದಿಯ ಬಿರುಕು, ಗಂಟು, ಅಳತೆ ತಪ್ಪಿ ಕೊಯ್ದ ತುಂಡು ಬೇರೆ. ತೇಗ ಘನ ಅಡಿಗೆ ಸಾವಿರಗಟ್ಟಲೆ ರೂಪಾಯಿ ಇರುವಾಗ ಗುಡಿಸಿ ಬಿಸಾಡುವ ಹೊಟ್ಟಿಗೂ ಅದೇ ದರ ಕೊಟ್ಟಿರುತ್ತೇವೆ. ಅಂಗಡಿಯ ಅಗ್ಗದ ಕಪಾಟಾದರೋ ಬಹುಪಾಲು ಮರದ ಚೂರುಗಳನ್ನು ಅಂಟು ಹಾಕಿ ಒತ್ತಿದ ಪಾರ್ಟಿಕಲ್ ಬೋರ್ಡ್. ಅದರ ಬೆಲೆಯ ಜೊತೆ ಪೈಪೋಟಿಗೆ ಇಳಿದು ಗೆಲ್ಲುವುದು ಆಗದ ಮಾತು.

ಗಟ್ಟಿ ಮರದಲ್ಲೇ ಮಾಡಿಸುವವರಿಗೆ ಬಡಗಿಯ ಕೂಲಿಯಾದರೂ ಉಳಿಯುತ್ತದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಕೂಲಿ ಉಳಿಯುತ್ತದೆ, ನಿಜ. ಆದರೆ ನುರಿತ ಬಡಗಿ ಎರಡು ಮೂರು ದಿನದಲ್ಲಿ ಮುಗಿಸುವ ಕೆಲಸಕ್ಕೆ ಹವ್ಯಾಸಿಗೆ ಎಷ್ಟೋ ಭಾನುವಾರಗಳು ಬೇಕು. ಆ ಹೊತ್ತಿಗೆ ಬೆಲೆ ಕಟ್ಟಿದರೆ ನಷ್ಟ. ಕಟ್ಟುವುದಿಲ್ಲ ಎಂದರೆ ಸಂತೋಷಕ್ಕೆ ಮಾಡಿದ್ದು ಎಂದು ಒಪ್ಪಿಕೊಂಡ ಹಾಗೆ. ಮಾಡಿದ್ದಕ್ಕೆ ನಾವೇ ಕಟ್ಟುವ ಬೆಲೆಯನ್ನು ನಂಬುವುದೂ ಕಷ್ಟ. ಮೈಕೆಲ್ ನಾರ್ಟನ್, ಡೇನಿಯಲ್ ಮೋಚನ್, ಡ್ಯಾನ್ ಏರಿಯಲಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐಕಿಯಾದ ಪೆಟ್ಟಿಗೆಯನ್ನು ತಾವೇ ಜೋಡಿಸಿದವರು, ಜೋಡಿಸಿಟ್ಟಿದ್ದನ್ನು ನೋಡಿದವರಿಗಿಂತ ಹೆಚ್ಚು ಹಣ ಕೊಡಲು ಮುಂದಾಗಿದ್ದರು. ಹಾಗಾಗಿ ಮರಗೆಲಸದ ಖರ್ಚನ್ನು ಸಂಗೀತ, ಚಾರಣಗಳ ಖಾತೆಗೆ ಬರೆಯುವುದೇ ಸರಿ. ಆ ಖಾತೆಯಲ್ಲಿ ಅದು ದೊಡ್ಡ ಮೊತ್ತವೇನಲ್ಲ.

ದೊಡ್ಡ ಮೊತ್ತ ಎನ್ನುವವರ ಕಣ್ಣ ಮುಂದಿರುವುದು ಯೂಟ್ಯೂಬಿನ ಕಾರ್ಯಾಗಾರ: ಟೇಬಲ್ ಸಾ, ರೌಟರ್, ಗೋಡೆ ತುಂಬ ನೇತುಹಾಕಿದ ಕ್ಲಾಂಪುಗಳು. ಯಂತ್ರವಿಲ್ಲದೆ ಮರಗೆಲಸ ಆಗದು ಎಂಬುದು ಮೊದಲಿನದಕ್ಕಿಂತ ಹಟಮಾರಿ ತಪ್ಪು ಕಲ್ಪನೆ. ಒಂದು ಗರಗಸ, ಎರಡು ಮೂರು ಉಳಿ, ಹತ್ತರಿ, ಕೊಡತಿ, ಮೂಲೆಮಟ್ಟ, ಸಾಣೆಕಲ್ಲು ಇದ್ದರೆ ಕಪಾಟು, ಮಣೆ, ಸ್ಟೂಲು ಎಲ್ಲ ಆಗುತ್ತವೆ. ಸಾಧಾರಣ ದರ್ಜೆಯವು ಐದಾರು ಸಾವಿರದ ಆಸುಪಾಸಿನಲ್ಲಿ ಸಿಗುತ್ತವೆ. ಇವುಗಳಲ್ಲಿ ಜನ ಕಡೆಗಣಿಸುವುದು ಸಾಣೆಕಲ್ಲನ್ನು. ಅಂಗಡಿಯಿಂದ ತಂದ ಹೊಸ ಉಳಿ ಸಾಮಾನ್ಯವಾಗಿ ಮೊಂಡಾಗಿಯೇ ಇರುತ್ತದೆ. ಅದರ ಬೆನ್ನನ್ನು ಕಲ್ಲಿನ ಮೇಲೆ ಚಪ್ಪಟೆಯಾಗಿ ಉಜ್ಜಿ, ಬಾಯನ್ನು 25ರಿಂದ 30 ಡಿಗ್ರಿ ಓರೆಯಲ್ಲಿ ಮಸೆಯಬೇಕು. ಆಗ ಹಿಂಬದಿಯಲ್ಲಿ ಬೆರಳಿಗೆ ಲೋಹದ ತೆಳುವಾದ ಮಡಿಕೆಯೊಂದು ತಾಕುತ್ತದೆ. ಅದನ್ನೂ ತೆಗೆದರೆ ಹಲಗೆಯ ಕೊಯ್ದ ತುದಿ ಹೊಳೆಯುವಷ್ಟು ನಯವಾಗಿ ಕೊರೆಯುತ್ತದೆ. ಇದನ್ನು ಕಲಿಯದವರು ಇನ್ನೂ ದುಬಾರಿ ಉಳಿ ಕೊಳ್ಳುತ್ತಾರೆ. ಅದೂ ಮೊಂಡಾಗುತ್ತದೆ. ಯಂತ್ರಕ್ಕಾದರೆ ಬೆಲೆಚೀಟಿಯಲ್ಲಿಲ್ಲದ ಇನ್ನೊಂದು ಖರ್ಚಿದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನು ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ, ಹಾಗಾಗಿ ಧೂಳು ಹೀರುವ ಸಾಧನ, ಒಳ್ಳೆಯ ಮುಖಗವಸು ಕೊಳ್ಳಲೇಬೇಕು. ಹತ್ತರಿಯಿಂದ ಬರುವುದು ಬಹುಪಾಲು ಸುರುಳಿ.

ದುಡ್ಡು ಉಳಿಸಲು ಹೋಗಿ ಹಸಿ ಮರ ತರುವವರೂ ಇದ್ದಾರೆ. ಮರ ಒಣಗುವಾಗ ಉದ್ದದಲ್ಲಿ ಹೆಚ್ಚುಕಡಿಮೆ ಕುಗ್ಗುವುದಿಲ್ಲ, ಅಗಲದಲ್ಲಿ ಕುಗ್ಗುತ್ತದೆ; ಬಿಗಿಯಾಗಿ ಕೂರಿಸಿದ ಹಲಗೆ ಬೇಸಿಗೆಯಲ್ಲಿ ಸೀಳುತ್ತದೆ. ಗಾಳಿಯಲ್ಲಿ ಒಣಗಲು ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಎಂಬುದು ರೂಢಿಯ ಲೆಕ್ಕ. ಕೆಡವಿದ ಮನೆಗಳ ಬಾಗಿಲು, ತೊಲೆಗಳು ಇದಕ್ಕಿಂತ ಮೇಲು, ಒಳಗೆ ಮುರಿದು ಉಳಿದ ಮೊಳೆಗಳನ್ನು ಹುಡುಕಿ ತೆಗೆಯುವ ತಾಳ್ಮೆ ಇದ್ದರೆ. ಉದ್ದನೆಯ ತೊಲೆಯನ್ನು ಕೈಗರಗಸದಲ್ಲಿ ಸೀಳುವುದು ಮಾತ್ರ ಸಾಹಸವೇ ಸರಿ, ಆ ಒಂದು ಕೆಲಸಕ್ಕೆ ಯಂತ್ರ ಬೇಕು. ಆದರೆ ಅದನ್ನು ಕೊಳ್ಳಬೇಕಿಲ್ಲ. ಸಾಮಿಲ್‌ಗೆ ಒಯ್ದರೆ ಒಂದಿಷ್ಟು ಕೂಲಿಗೆ ಸೀಳಿ ಕೊಡುತ್ತಾರೆ.