ಆತ್ಮಹತ್ಯೆ ಮನೆತನದ ದೋಷವೇ?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಸೀಮೆಯಲ್ಲಿ ಹೆಣ್ಣು ಕೊಡುವ, ತರುವ ಮಾತು ಬಂದಾಗ ಜಮೀನು, ವಿದ್ಯೆಗಳ ಜೊತೆಗೆ ಮೆಲುದನಿಯ ಇನ್ನೊಂದು ವಿಚಾರಣೆಯೂ ನಡೆಯುವುದುಂಟು: ಆ ಮನೆಯಲ್ಲಿ ಯಾರಾದರೂ ತಾವಾಗಿ ಜೀವ ಕಳೆದುಕೊಂಡಿದ್ದಾರೆಯೇ? ಹೌದೆಂದು ತಿಳಿದರೆ ಎಷ್ಟೋ ವೇಳೆ ನೆಂಟಸ್ತನ ಅಲ್ಲಿಗೇ ನಿಲ್ಲುತ್ತದೆ. 'ರಕ್ತದಲ್ಲೇ ಬಂದದ್ದು' ಎಂಬ ಈ ತೀರ್ಪಿಗೆ ವಿಜ್ಞಾನದ ಆಧಾರವೆಷ್ಟು ಎಂಬುದನ್ನು ನಾವು ವಿಚಾರಿಸಿ ನೋಡಬೇಕಾಗಿದೆ.

ಮಿದುಳಿನ ನರಕೋಶಗಳು ಪರಸ್ಪರ ಸಂದೇಶ ಕಳಿಸಲು ಬಳಸುವ ರಾಸಾಯನಿಕಗಳಲ್ಲಿ ಸೆರೊಟೋನಿನ್ ಒಂದು. ಮನಸ್ಸಿನ ಸಮಸ್ಥಿತಿ, ನಿದ್ರೆ, ದುಡುಕನ್ನು ತಡೆಯುವ ಶಕ್ತಿ ಇವುಗಳೊಡನೆ ಅದಕ್ಕೆ ಸಂಬಂಧವಿದೆ. 1976ರಲ್ಲಿ ಸ್ವೀಡನ್ನಿನ ವೈದ್ಯೆ ಮೇರಿ ಓಸ್ಬೆರ್ಗ್ ಮತ್ತು ಸಂಗಡಿಗರು ಖಿನ್ನತೆಯ ರೋಗಿಗಳ ಬೆನ್ನುಹುರಿಯ ದ್ರವವನ್ನು ಪರೀಕ್ಷಿಸಿದರು. ಸೆರೊಟೋನಿನ್ ವಿಭಜನೆಯಿಂದ ಉಂಟಾಗುವ ಅಂಶ ಯಾರಲ್ಲಿ ಕಡಿಮೆಯಿತ್ತೋ ಅವರಲ್ಲಿ ಆತ್ಮಹತ್ಯಾ ಯತ್ನಗಳು ಹೆಚ್ಚಾಗಿ ಕಂಡುಬಂದವು. ಮುಂದೆ ಸೆರೊಟೋನಿನ್ನಿನ ತಯಾರಿಕೆ, ಸಾಗಣೆಗಳಿಗೆ ಕಾರಣವಾದ ಜೀನುಗಳ ಹುಡುಕಾಟ ಜಗತ್ತಿನ ಹಲವೆಡೆ ನಡೆಯಿತು. ಆದರೆ ಆತ್ಮಹತ್ಯೆಯ ಜೀನು ಎಂಬ ಒಂಟಿ ವಸ್ತು ಎಲ್ಲಿಯೂ ಸಿಕ್ಕಲಿಲ್ಲ. 40,000ಕ್ಕೂ ಹೆಚ್ಚು ಬಾಧಿತರ ಮಾಹಿತಿಯನ್ನು ಪರಿಶೀಲಿಸಿ 2023ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವು 12 ವಂಶವಾಹಿ ತಾಣಗಳನ್ನು ಗುರುತಿಸಿತು. ಒಂದೊಂದರ ಪ್ರಭಾವವೂ ಅತ್ಯಲ್ಪ.

ಅವಳಿಗಳ ಅಧ್ಯಯನಗಳು ಆನುವಂಶಿಕತೆಯ ಪಾಲನ್ನು ಶೇ. 30ರಿಂದ 50 ಎಂದು ಅಂದಾಜಿಸಿವೆ. ಇದು ಜನಸಮುದಾಯದಲ್ಲಿನ ವ್ಯತ್ಯಾಸದ ಲೆಕ್ಕವೇ ಹೊರತು, ತಂದೆ ಹಾಗೆ ತೀರಿಕೊಂಡರೆ ಮಗನಿಗೂ ಅಷ್ಟು ಅಪಾಯವೆಂದಲ್ಲ. ನೆಂಟಸ್ತನ ಮುರಿಯುವವರು ಈ ಭೇದವನ್ನು ಗಮನಿಸಬೇಕು.

ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಿಂದ ಮಿದುಳಿನ ಭಂಡಾರವಿದೆ. ಅದೇ ಸಂಸ್ಥೆ 2016ರಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದೊಡನೆ ಕೂಡಿ, ಒಂದಕ್ಕಿಂತ ಹೆಚ್ಚು ಸದಸ್ಯರು ತೀವ್ರ ಮನೋರೋಗಕ್ಕೆ ತುತ್ತಾದ ಕುಟುಂಬಗಳ ಅಧ್ಯಯನವನ್ನು ಕೈಗೊಂಡಿತು. ರೋಗಿಗಳ ರಕ್ತಕೋಶಗಳನ್ನು ಆಕರಕೋಶಗಳನ್ನಾಗಿಸಿ, ಅವುಗಳಿಂದ ನರಕೋಶಗಳನ್ನು ಬೆಳೆಸಿ ನೋಡುವ ಸೂಕ್ಷ್ಮ ಕಾರ್ಯವದು.

ಇನ್ನು ಜೀನಿನ ಹೊರಗಿನ ಕಾರಣಗಳು. ಬತ್ತಿದ ಕೊಳವೆಬಾವಿ, ಸಾಲ, ಕುಡಿತ, ಬೆಲೆ ಬಿದ್ದ ಈರುಳ್ಳಿ ಇವು ನಮ್ಮ ಸೀಮೆಯವರಿಗೆ ವಿವರಿಸಬೇಕಾದವಲ್ಲ. ಶ್ರೀಲಂಕಾದಲ್ಲಿ 1995ರ ವೇಳೆಗೆ ಅತ್ಯಂತ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಲಾಯಿತು. ಮುಂದಿನ ಹತ್ತು ವರ್ಷಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕಿಳಿಯಿತು. ಅಲ್ಲಿನವರ ಜೀನುಗಳೇನೂ ಹತ್ತು ವರ್ಷದಲ್ಲಿ ಬದಲಾಗಿರಲಾರವು! ಔಷಧಿ ಡಬ್ಬಿಯನ್ನು ಮನೆಯೊಳಗೆ ಕೈಗೆಟುಕುವಂತೆ ಇಡದೆ ಬೀಗದಲ್ಲಿರಿಸುವುದು ಅದೇ ಕಾರಣಕ್ಕೆ ಅಗತ್ಯ.

ಮನೆತನದಲ್ಲಿ ಅಂತಹ ಸಾವು ಆಗಿದ್ದರೆ ಅದನ್ನು ಬಚ್ಚಿಡದೆ ವೈದ್ಯರಿಗೆ ತಿಳಿಸುವುದು ಲೇಸು. ಚಿಕಿತ್ಸೆಗೆ ಅದು ದಾರಿ ತೋರುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಯತ್ನಿಸಿ ಬದುಕುಳಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು. ಆದ್ದರಿಂದ ಪೊಲೀಸರ ಭಯದಿಂದ ಆಸ್ಪತ್ರೆಗೆ ಕರೆದೊಯ್ಯಲು ಹಿಂಜರಿಯಬೇಕಿಲ್ಲ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.